ಹಳದಿ ದೀಪ ಆರಿಸಿದ್ರ ರಿಪೇರಿ ಆದಂಗೇನ್ರಿ?

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ... ನಮ್ಮ ಕಡೆ ಕಾರಿನವರ ಬಾಯಲ್ಲಿ ಈ ಮಾತು ಕೇಳೇ ಇರ್ತೀರಿ: "ಎಂಜಿನ್ ಲೈಟ್ ಹತ್ತೇತಿ, ಗ್ಯಾರೇಜಿಗೆ ಒಯ್ದು ಆರಿಸ್ಕೊಂಡ್ ಬರ್ತೀನಿ." ಗಮನಿಸಿ, ರಿಪೇರಿ ಮಾಡಿಸಿಕೊಂಡು ಅಲ್ಲ, ಆರಿಸಿಕೊಂಡು! ನನ್ನ ತಕರಾರು ಇರೋದು ಇಲ್ಲೇ.

ನಾನು ಸಾಫ್ಟ್‌ವೇರ್‌ನವನು. ನಮ್ಮ ಲೆಕ್ಕದಲ್ಲಿ ಈ ದೀಪ ಒಂದು ಎರರ್ ಮೆಸೇಜ್, ಅಷ್ಟೇ. ಎಂಜಿನ್ನಿನ ಕಂಪ್ಯೂಟರ್ ಸೆನ್ಸರ್‌ಗಳನ್ನು ಸದಾ ನೋಡ್ತಾ ಇರುತ್ತೆ. ಲೆಕ್ಕ ತಪ್ಪಿದರೆ ಒಂದು ಕೋಡ್ ಬರೆದಿಟ್ಟು ದೀಪ ಹಚ್ಚುತ್ತೆ. ಆ ಕ್ಷಣ ಎಂಜಿನ್ ಎಷ್ಟು ಬಿಸಿ ಇತ್ತು, ಎಷ್ಟು ಆರ್‌ಪಿಎಂನಲ್ಲಿತ್ತು ಅನ್ನೋದನ್ನೂ ಜೊತೆಗೆ ಬರೆದಿಡುತ್ತೆ. ಸ್ಕ್ಯಾನರ್‌ನಲ್ಲಿ 'ಕ್ಲಿಯರ್' ಒತ್ತಿದರೆ ಇದೆಲ್ಲಾ ಹೋಯ್ತು. ಕಳ್ಳತನ ಆದ ಮನೇಲಿ ಪೊಲೀಸರು ಬರೋ ಮೊದಲೇ ಕಸ ಗುಡಿಸಿದ ಹಾಗೆ! ದೋಷ ಅಲ್ಲೇ ಇದ್ದರೆ ದೀಪ ಮತ್ತೆ ಹತ್ತುತ್ತೆ.

ಇನ್ನೊಂದು ಮಾಮೂಲಿ ಡೈಲಾಗ್: "ಸೆನ್ಸರ್ ಹೋಗೇತ್ರಿ, ಹೊಸಾದು ಹಾಕೂಣು." ಕೋಡ್ ಹೇಳೋದು ಲಕ್ಷಣ ಮಾತ್ರ. ಉದಾಹರಣೆಗೆ ಪಿ0171 ಅಂದ್ರೆ ಪೆಟ್ರೋಲಿನ ಲೆಕ್ಕಕ್ಕೆ ಗಾಳಿಯ ಪಾಲು ಇರಬೇಕಾದ್ದಕ್ಕಿಂತ ಜಾಸ್ತಿ ಆಗಿದೆ ಅಂತ. ಗಾಳಿಯ ಪೈಪ್ ಸೀಳಿರಬಹುದು, ಫ್ಯುಯೆಲ್ ಪಂಪ್ ಸೋತಿರಬಹುದು, ಸೆನ್ಸರ್‌ಗೆ ಧೂಳು ಹಿಡಿದಿರಬಹುದು. ಪರೀಕ್ಷೆ ಮಾಡದೆ ಸೆನ್ಸರ್ ಬದಲಿಸೋದು, ಜ್ವರ ತೋರಿಸಿತು ಅಂತ ಥರ್ಮಾಮೀಟರ್ ಬದಲಿಸಿದ ಹಾಗೆ.

ಡೀಸೆಲ್ ಗಾಡಿಯವರದು ಬೇರೆ ಕಥೆ. 2020ರ ಏಪ್ರಿಲ್‌ನಲ್ಲಿ ಬಿಎಸ್-6 ಬಂದ ಮೇಲಿನ ಡೀಸೆಲ್ ಕಾರುಗಳಲ್ಲಿ ಹೊಗೆಯ ಮಸಿ ಹಿಡಿಯೋ ಫಿಲ್ಟರ್ ಇರುತ್ತೆ. ಆ ಮಸಿ ಸುಟ್ಟು ಹೋಗಬೇಕಾದರೆ ಗಾಡಿ ಸ್ವಲ್ಪ ಹೊತ್ತು ಒಂದೇ ಸಮನೆ ಜೋರಾಗಿ ಓಡಬೇಕು. ಕಿತ್ತೂರಿನವರಿಗೆ ಹೈವೇ ಪಕ್ಕದಲ್ಲೇ ಇದೆ. ಉಳಿದವರು ಸೀಸನ್‌ನಲ್ಲಿ ಕಬ್ಬಿನ ಟ್ರ್ಯಾಕ್ಟರ್ ಹಿಂದೆ ತೆವಳಿದರೆ ಮಸಿ ಎಲ್ಲಿ ಸುಡಬೇಕು? ಫಿಲ್ಟರ್ ದೀಪ ಹತ್ತಿದಾಗಲೇ ಮ್ಯಾನ್ಯುಯಲ್‌ನಲ್ಲಿ ಹೇಳಿದಂತೆ ಓಡಿಸಿ. ಬಿಟ್ಟರೆ ಎಂಜಿನ್ ದೀಪವೂ ಹತ್ತುತ್ತೆ, ಖರ್ಚೂ ಹತ್ತುತ್ತೆ.

ದೀಪ ಸ್ಥಿರವಾಗಿದ್ದು ಗಾಡಿ ಸರಿಯಾಗಿ ಓಡ್ತಿದ್ದರೆ ಗಾಬರಿ ಬೇಡ, ಬೇಗ ತೋರಿಸಿ. ಆದರೆ ಮಂದಿ ತುಂಬ್ಕೊಂಡು ಎಲ್ಲಮ್ಮನ ಗುಡ್ಡ ಹತ್ತುವಾಗ ಪೆಟ್ರೋಲ್ ಗಾಡಿಯ ದೀಪ ಮಿಣುಕತೊಡಗಿದರೆ ಬದಿಗೆ ನಿಲ್ಲಿಸಿ. ಸುಡದ ಪೆಟ್ರೋಲ್ ಸೈಲೆನ್ಸರ್ ಲೈನಿನ ಕ್ಯಾಟಲಿಟಿಕ್ ಕನ್ವರ್ಟರ್‌ಗೆ ಹೋಗಿ ಅದನ್ನೇ ಸುಟ್ಟುಬಿಡಬಹುದು. ಆಯಿಲ್ ಅಥವಾ ಟೆಂಪರೇಚರ್‌ನ ಕೆಂಪು ದೀಪ ಹತ್ತಿದರಂತೂ ತಕ್ಷಣ ನಿಲ್ಲಿಸಿ ಎಂಜಿನ್ ಬಂದ್ ಮಾಡಬೇಕು.

ಹಳೇ ಕಾರು ಕೊಳ್ಳೋರು ಎಂಜಿನ್ ಚಾಲೂ ಮಾಡೋ ಮೊದಲು ಕೀ ಆನ್ ಮಾಡಿ ನೋಡಿ. ಆಗ ಈ ದೀಪ ಹತ್ತಲೇಬೇಕು. ಹತ್ತದಿದ್ದರೆ ಯಾರೋ ಅದರ ಬಾಯಿ ಮುಚ್ಚಿಸಿರಬಹುದು!

ನಾನು ಕೇಳೋದು ಇಷ್ಟೇ. ಅಳಿಸೋ ಮೊದಲು ಕೋಡ್ ತೋರಿಸಿ, ಬಿಲ್ಲಿನ ಮೇಲೆ ಬರೆದುಕೊಡಿ. ದುಡ್ಡು ಕೊಡೋನಿಗೆ ತನ್ನ ಗಾಡಿ ಏನು ಹೇಳ್ತು ಅಂತ ತಿಳಿಯೋ ಹಕ್ಕಿಲ್ವಾ? ಮೇಸ್ತ್ರಿ ಮೇಲೆ ಅನುಮಾನಪಟ್ಟು ಹೇಳ್ತಿಲ್ಲ. ಒಳ್ಳೇ ಮೇಸ್ತ್ರಿಗೆ ಇದರಿಂದ ಹೆಸರೇ ಬರುತ್ತೆ.

ಏನಂತೀರಿ?