ಜಾಲದ ಯಜಮಾನಿಕೆ ಯಾರದು?

1902ರಲ್ಲಿ, ಕೊಳ್ಳೇಗಾಲಕ್ಕೆ ಸಮೀಪವಾದ ಶಿವನಸಮುದ್ರದಲ್ಲಿ ಹುಟ್ಟಿದ ವಿದ್ಯುಚ್ಛಕ್ತಿಯು ಮೊದಲು ಹೋಗಿ ಸೇರಿದುದು ಆಂಗ್ಲ ಕಂಪೆನಿಗಳ ಕೈಯಲ್ಲಿದ್ದ ಕೋಲಾರದ ಚಿನ್ನದ ಗಣಿಗಳನ್ನು. ಬೆಂಗಳೂರಿನ ಬೀದಿಗಳಿಗೆ ಅದು ಬಂದುದು 1905ರಲ್ಲಿ. ನೀರು ನಮ್ಮದಾದ ಮಾತ್ರಕ್ಕೆ ಬೆಳಕು ಮೊದಲು ನಮಗೆ ದೊರೆಯಲಿಲ್ಲ. ಇಂದು ಕೊಳ್ಳೇಗಾಲ, ಹನೂರು, ಯಳಂದೂರು ತಾಲ್ಲೂಕುಗಳಿಗೆ ಸಂಬಂಧಪಟ್ಟ ಬೇರೊಂದು ತಂತಿಯ ವಿಷಯದಲ್ಲಿ ಈ ಸಂಗತಿಯನ್ನು ಸ್ಮರಿಸುವುದು ಉಚಿತವೆಂದು ನಾವು ಭಾವಿಸುತ್ತೇವೆ.

ಗ್ರಾಮ ಪಂಚಾಯಿತಿಗಳನ್ನು ಗಾಜಿನೆಳೆಯ ತಂತಿಯಿಂದ ಕೂಡಿಸುವ ಕಾರ್ಯಕ್ಕೆ ಕೇಂದ್ರ ಸರ್ಕಾರವು 2011ರಲ್ಲಿ ಸಮ್ಮತಿಯಿತ್ತಿತು. ಭಾರತ್‌ನೆಟ್ ಎಂದು ಹೆಸರಾದ ಆ ಯೋಜನೆಯನ್ನೇ ತಿದ್ದಿ, 2023ರ ಆಗಸ್ಟಿನಲ್ಲಿ 1,39,579 ಕೋಟಿ ರೂಪಾಯಿಗಳಿಗೆ ಮಂಜೂರಾತಿ ನೀಡಲಾಯಿತು. ಒಂದೆಡೆ ತಂತಿ ಕಡಿದರೂ ಇನ್ನೊಂದು ದಿಕ್ಕಿನಿಂದ ಸಂಪರ್ಕವುಳಿಯುವಂತೆ ಬಳೆಯಾಕಾರದ ಜೋಡಣೆಯೂ ಅದರಲ್ಲಿ ಸೇರಿದೆ. ಕಾಡುಗುಡ್ಡಗಳ ಹನೂರು ಸೀಮೆಗೆ ಇದು ಬಹು ಅವಶ್ಯವಾದುದು. ಆದರೆ ಸಂದೇಶವು ಯಾವ ದಾರಿ ಹಿಡಿಯಬೇಕೆಂಬುದನ್ನು ನಿರ್ಣಯಿಸುವವರಾರು? ಹಳೆಯ ರೂಢಿಯಂತೆ ಆ ಬುದ್ಧಿಯು ಪ್ರತಿಯೊಂದು ಯಂತ್ರದೊಳಗೂ, ಅದನ್ನು ಮಾರಿದ ಕಂಪೆನಿಯ ಬೀಗದೊಳಗೆ ಅಡಗಿರುತ್ತದೆ.

ಇದಕ್ಕೆ ಬೇರೆ ಮಾರ್ಗವುಂಟು. ರೇಷ್ಮೆಯ ಊರಾದ ಕೊಳ್ಳೇಗಾಲದವರಿಗೆ ಅದನ್ನು ತಿಳಿಸುವುದು ಕಷ್ಟವಲ್ಲ. ಜಕಾರ್ಡ್ ಮಗ್ಗದಲ್ಲಿ ಅಂಚಿನ ವಿನ್ಯಾಸವು ರಟ್ಟಿನ ರಂಧ್ರಗಳಲ್ಲಿರುತ್ತದೆ. ರಟ್ಟನ್ನು ಬದಲಿಸಿದರೆ ಅದೇ ಮಗ್ಗವು ಬೇರೆ ಹೂವನ್ನು ನೇಯುತ್ತದೆ. ಸಾಫ್ಟ್‌ವೇರ್ ನಿಯಂತ್ರಿತ ಜಾಲದ ತತ್ತ್ವವೂ ಇದೇ. ಸ್ವಿಚ್ಚುಗಳು ಸಾಗಿಸುತ್ತವೆ, ಕಂಟ್ರೋಲರ್ ಎಂಬ ತಂತ್ರಾಂಶವು ಓಪನ್‌ಫ್ಲೋ ಮುಂತಾದ ಬಹಿರಂಗ ನಿಯಮಗಳ ಮೂಲಕ ಅವುಗಳಿಗೆ ಆಜ್ಞೆ ಮಾಡುತ್ತದೆ. 2013ರಲ್ಲಿ ಲಿನಕ್ಸ್ ಫೌಂಡೇಷನ್ನಿನ ಆಶ್ರಯದಲ್ಲಿ ಆರಂಭವಾದ ಓಪನ್‌ಡೇಲೈಟ್ ಅಂಥದೊಂದು ಕಂಟ್ರೋಲರು. ಅದಕ್ಕೆ ಬೆಲೆಯಿಲ್ಲ, ಅದರ ಮೂಲವನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು. ಅಮೆರಿಕೆಯಲ್ಲಿ ಹುಟ್ಟಿತೆಂದು ಇದನ್ನು ಹೀಗಳೆಯುವುದು ಸ್ವದೇಶಾಭಿಮಾನವಾಗಲಾರದು.

ಇದನ್ನು ಸ್ಥಾಪಿಸುವುದು ಸುಲಭ. ಜಾವಾ ಇರುವ ಗಣಕದಲ್ಲಿ ಕಟ್ಟನ್ನು ಬಿಚ್ಚಿ, ಕರಾಫ್ ಎಂಬ ಆವರಣವನ್ನು ಚಾಲನೆಗೊಳಿಸಿ, ಬೇಕಾದ ಅಂಗಗಳನ್ನು ಸೇರಿಸಿದರಾಯಿತು. ಆ ಮೇಲೆ ಸ್ವಿಚ್ಚುಗಳು 6653ನೆಯ ಪೋರ್ಟಿನ ಮೂಲಕ ಅದನ್ನು ಬಂದು ಕೂಡಿಕೊಳ್ಳುತ್ತವೆ. ಕಷ್ಟವಿರುವುದು ನಡೆಸುವುದರಲ್ಲಿ. ಎಲ್ಲರಿಗೂ ತಿಳಿದಿರುವ ಆರಂಭದ ಪಾಸ್‌ವರ್ಡನ್ನು ಹಾಗೆಯೇ ಬಿಟ್ಟರೆ ಇಡೀ ಜಾಲವೇ ಪರರ ವಶವಾದೀತು. ಕಂಟ್ರೋಲರು ಒಂದೇ ಇದ್ದು ಅದು ನಿಂತುಹೋದರೆ ಹೊಸ ಆಜ್ಞೆ ಕೊಡುವವರಿಲ್ಲ; ಮೂರನ್ನಿಟ್ಟರೆ ಒಂದು ಕೆಟ್ಟರೂ ಉಳಿದೆರಡರ ಬಹುಮತದಿಂದ ಕಾರ್ಯ ಸಾಗುವುದು. ಬೆಟ್ಟದ ಹಾದಿಯಲ್ಲಿ ತಂತಿ ಕಡಿದು ಸ್ವಿಚ್ಚು ಒಂಟಿಯಾದಾಗ, ಅದು ಹಿಂದಿನ ಆಜ್ಞೆಯಂತೆಯೇ ನಡೆಯಬೇಕೋ, ಸ್ವತಂತ್ರವಾಗಿ ವರ್ತಿಸಬೇಕೋ ಎಂಬುದನ್ನೂ ಮೊದಲೇ ಗೊತ್ತುಪಡಿಸತಕ್ಕದ್ದು.

ಇವುಗಳನ್ನು ಬಲ್ಲವರು ನಮ್ಮಲ್ಲಿಲ್ಲದೆ ಪ್ರತಿಸಲವೂ ಹೊರಗಿನ ಗುತ್ತಿಗೆದಾರರ ದಾರಿ ಕಾಯುವುದಾದರೆ, ಬೀಗವು ಬದಲಾಯಿತೇ ಹೊರತು ಕೀಲಿಕೈ ನಮ್ಮದಾಗಲಿಲ್ಲ. ಆದುದರಿಂದ ಅಧಿಕಾರಿವರ್ಗದವರು ಎರಡು ಕಾರ್ಯಗಳನ್ನು ಕೈಗೊಳ್ಳಬೇಕು. ಮುಂದೆ ಕೊಳ್ಳುವ ಯಂತ್ರಗಳು ಬಹಿರಂಗ ನಿಯಮಗಳಿಗೆ ಒಳಪಡಬೇಕೆಂದು ಟೆಂಡರಿನಲ್ಲೇ ವಿಧಿಸಬೇಕು. ಚಾಮರಾಜನಗರದ ಸರ್ಕಾರಿ ಇಂಜಿನಿಯರಿಂಗ್ ಕಾಲೇಜಿನ ವಿದ್ಯಾರ್ಥಿಗಳಿಂದ ಈ ಮೂರು ತಾಲ್ಲೂಕುಗಳ ಜಾಲದ ಪ್ರತಿಕೃತಿಯನ್ನು ಮಿನಿನೆಟ್ ಎಂಬ ಉಚಿತ ಸಾಧನದಲ್ಲಿ ಕಟ್ಟಿಸಿ, ಕೆಡಿಸಿ, ಮತ್ತೆ ಸರಿಪಡಿಸಿ ಕಲಿಸಬೇಕು. ಅದಕ್ಕೆ ಒಂದು ಗಣಕ ಸಾಕು. ಆ ಮೇಲೆ ಮೂರು ತಾಲ್ಲೂಕು ಕಚೇರಿಗಳಲ್ಲಿ ಪ್ರಯೋಗ ನಡೆಯಲಿ. ತಂತಿ ಎಳೆಯಲು ಕೋಟಿಗಳನ್ನು ಕೊಡುವ ಸರ್ಕಾರವು, ಅದನ್ನಾಳುವ ವಿದ್ಯೆಗೆ ಅಲ್ಪಸ್ವಲ್ಪವನ್ನಾದರೂ ಎತ್ತಿಡಬಾರದೇ?