‘ಇಲ್ಲ’ ಎಂಬ ಉತ್ತರದ ಬೆಲೆ

ಭೌತವಿಜ್ಞಾನದ ಪ್ರಯೋಗಶಾಲೆಯಲ್ಲಿ ಒಂದು ವರ್ಷ ಕಳೆದ ವಿದ್ಯಾರ್ಥಿಗಳಿಗೆಲ್ಲ ಒಂದು ಗುಟ್ಟು ತಿಳಿದಿರುತ್ತದೆ. ಸರಳ ಲೋಲಕದ ಪ್ರಯೋಗದಲ್ಲಿ ಗುರುತ್ವ ವೇಗೋತ್ಕರ್ಷದ ಬೆಲೆ, ಸೆಂಟಿಮೀಟರಿನ ಲೆಕ್ಕದಲ್ಲಿ, ನಮ್ಮ ನಾಡಿನಲ್ಲಿ ಸುಮಾರು 978 ಬರಬೇಕು. ಬಾರದೆ ಹೋದರೆ? ಕಾಲವನ್ನು ಅಳೆದ ಅಂಕಿಗಳನ್ನು ಅಲ್ಲಿಷ್ಟು ಇಲ್ಲಿಷ್ಟು ತಿದ್ದಿ, ಬರುವಂತೆ ಮಾಡಿ, ರೆಕಾರ್ಡು ಪುಸ್ತಕದಲ್ಲಿ ಅಂದವಾಗಿ ಬರೆದು ಒಪ್ಪಿಸುವುದು. ಇದು ನಾವು ವಿದ್ಯಾರ್ಥಿಗಳಾಗಿದ್ದಾಗಲೂ ನಡೆಯುತ್ತಿತ್ತು; ಈಗಲೂ ನಡೆಯುತ್ತಿದೆ. ಇದನ್ನು ಯಾರೂ ದೊಡ್ಡ ಪಾಪವೆಂದು ಎಣಿಸುವುದಿಲ್ಲ. ಆದರೆ ವಿಜ್ಞಾನದ ಬೇರನ್ನೇ ಕಡಿಯುವ ಅಭ್ಯಾಸವೊಂದಿದ್ದರೆ ಅದು ಇದೇ ಎಂದು ನಾವು ಹೇಳಬಯಸುತ್ತೇವೆ. ಇದಕ್ಕೆ ಸಾಕ್ಷಿಯನ್ನು ಪ್ರಯೋಗಶಾಲೆಯ ಮೂಲೆಯಿಂದಲ್ಲ, ಆಕಾಶದಿಂದಲೇ ತರೋಣ.

ಗ್ಯಾಮಾ ಕಿರಣವೂ ಒಂದು ಬಗೆಯ ಬೆಳಕೇ. ನಮ್ಮ ಕಣ್ಣಿಗೆ ಕಾಣುವ ಬೆಳಕಿನ ಒಂದು ಕಣದ ಶಕ್ತಿ ಎರಡು ಮೂರು ಎಲೆಕ್ಟ್ರಾನ್ ವೋಲ್ಟಿನಷ್ಟು. ನಾವಿಲ್ಲಿ ಹೇಳಹೊರಟಿರುವ ಗ್ಯಾಮಾ ಕಿರಣಗಳ ಶಕ್ತಿಯಾದರೋ ಲಕ್ಷ ಕೋಟಿ ಎಲೆಕ್ಟ್ರಾನ್ ವೋಲ್ಟುಗಳ ಮಟ್ಟದ್ದು. ಸಿಡಿದ ನಕ್ಷತ್ರಗಳ ಅವಶೇಷಗಳಲ್ಲಿ, ಕಪ್ಪುಕುಳಿಗಳ ನೆರೆಯಲ್ಲಿ, ಕಣಗಳು ಊಹೆಗೆ ಮೀರಿದ ವೇಗವನ್ನು ಪಡೆಯುವೆಡೆಗಳಲ್ಲಿ ಇವು ಹುಟ್ಟುತ್ತವೆ. ಬಾಹ್ಯಾಕಾಶದಿಂದ ಭೂಮಿಗೆ ಸುರಿಯುವ ವಿಶ್ವಕಿರಣಗಳಲ್ಲಿ ಬಹುಪಾಲು ಪ್ರೋಟಾನುಗಳು. ಅವು ವಿದ್ಯುದಾವೇಶವುಳ್ಳವಾದುದರಿಂದ ಆಕಾಶಗಂಗೆಯ ಕಾಂತಕ್ಷೇತ್ರಗಳಲ್ಲಿ ಬಾಗಿ ಬಳುಕಿ, ತಾವು ಹೊರಟ ದಿಕ್ಕನ್ನು ಮರೆತು ಬರುತ್ತವೆ. ಅವು ಕಳುಹಿಸಿದವರ ವಿಳಾಸ ಹರಿದುಹೋದ ಕಾಗದಗಳಿದ್ದಂತೆ. ಗ್ಯಾಮಾ ಕಿರಣಕ್ಕೆ ಆವೇಶವಿಲ್ಲ. ಅದು ನೇರವಾಗಿ ಬರುತ್ತದೆ. ಹೊರಟ ಊರಿನ ಅಂಚೆಯ ಮುದ್ರೆ ಆ ಕಾಗದದ ಮೇಲೆ ಅಳಿಯದೆ ಉಳಿದಿರುತ್ತದೆ. ವಿಜ್ಞಾನಿಗಳು ಅದನ್ನು ಇಷ್ಟು ಆಸೆಯಿಂದ ಹುಡುಕಲು ಇದೇ ಕಾರಣ.

ಆದರೆ ಈ ಕಾಗದಗಳು ಬರುವುದು ಬಹು ಅಪರೂಪ. ವೃಷಭ ರಾಶಿಯಲ್ಲಿ ಏಡಿ ನೀಹಾರಿಕೆಯೆಂಬುದೊಂದಿದೆ. 1054ರಲ್ಲಿ ಚೀನದ ಜ್ಯೋತಿಷಿಗಳು ಸಿಡಿದುದನ್ನು ಕಂಡು ಬರೆದಿಟ್ಟ ನಕ್ಷತ್ರದ ಅವಶೇಷವದು. ಈ ಬಗೆಯ ಕಿರಣಗಳನ್ನು ಬಿಡದೆ ಸೂಸುವ ಆಕರಗಳಲ್ಲಿ ಅದು ಬಹು ಪ್ರಖರವಾದುದು. ಅಲ್ಲಿಂದಲೂ ಲಕ್ಷ ಕೋಟಿ ಎಲೆಕ್ಟ್ರಾನ್ ವೋಲ್ಟಿಗೆ ಮೀರಿದ ಗ್ಯಾಮಾ ಕಿರಣಗಳು ಒಂದು ಚದರ ಮೀಟರಿಗೆ ವರ್ಷಕ್ಕೆ ಆರರಷ್ಟು ಮಾತ್ರ ಬೀಳುತ್ತವೆ. ಉಪಗ್ರಹದ ಮೇಲಿಡಬಹುದಾದ ಉಪಕರಣದ ವಿಸ್ತಾರವು ಒಂದು ಚದರ ಮೀಟರಿನ ಆಸುಪಾಸಿನದು. ಆದ್ದರಿಂದ ಇಷ್ಟು ಶಕ್ತಿಯ ಕಿರಣಗಳ ಮಟ್ಟಿಗೆ ಉಪಗ್ರಹವು ಸಮುದ್ರದಲ್ಲಿ ಚಮಚ ಹಿಡಿದು ಮೀನಿಗಾಗಿ ಕಾದಂತೆ. ನೆಲದಲ್ಲಿದ್ದು ನೋಡೋಣವೆಂದರೆ ವಾಯುಮಂಡಲವು ಅಡ್ಡ ನಿಂತಿದೆ. ಒಂದು ಗ್ಯಾಮಾ ಕಿರಣವೂ ಅದನ್ನು ದಾಟಿ ನೆಲವನ್ನು ಮುಟ್ಟಲಾರದು.

ಈ ಅಡ್ಡಗೋಡೆಯನ್ನೇ ಉಪಕರಣವನ್ನಾಗಿ ಮಾಡಿಕೊಂಡುದು ವಿಜ್ಞಾನದ ಜಾಣ್ಮೆ. ಮೇಲಣ ವಾಯುವಿಗೆ ತಾಗಿದ ಗ್ಯಾಮಾ ಕಿರಣವು ಒಂದು ಎಲೆಕ್ಟ್ರಾನ್ ಮತ್ತು ಒಂದು ಪಾಸಿಟ್ರಾನ್ ಆಗಿ ಮಾರ್ಪಡುತ್ತದೆ. ಅವು ಮತ್ತೆ ಗ್ಯಾಮಾ ಕಿರಣಗಳನ್ನು ಹೊರಡಿಸುತ್ತವೆ. ಅವುಗಳಿಂದ ಮತ್ತೆ ಜೋಡಿಗಳು ಹುಟ್ಟುತ್ತವೆ. ಒಂದು ಎರಡಾಗಿ, ಎರಡು ನಾಲ್ಕಾಗಿ, ಕೊನೆಗೆ ಸಾವಿರಾರು ಕಣಗಳ ಸೋನೆಯಾಗುತ್ತದೆ. ಈ ಸೋನೆಯ ಸಿದ್ಧಾಂತವನ್ನು 1937ರಲ್ಲಿ ರಚಿಸಿದವರಲ್ಲಿ ನಮ್ಮವರೇ ಆದ ಹೋಮಿ ಭಾಭಾ ಒಬ್ಬರು. ಅವರ ಜೊತೆಗಾರರು ಹೈಟ್ಲರ್. ಈ ಕಣಗಳು ಗಾಳಿಯಲ್ಲಿ ಬೆಳಕು ಚಲಿಸುವುದಕ್ಕಿಂತ ಹೆಚ್ಚು ವೇಗವಾಗಿ ಓಡುತ್ತವೆ. ಶೂನ್ಯದಲ್ಲಿ ಬೆಳಕನ್ನು ಮೀರುವಂತಿಲ್ಲ. ಗಾಳಿಯಲ್ಲಿಯಾದರೋ ಬೆಳಕಿನ ವೇಗ ತುಸು ತಗ್ಗಿರುವುದರಿಂದ ಮೀರಬಹುದು. ವೇಗವಾಗಿ ಹೋಗುವ ದೋಣಿಯ ಮುಂಭಾಗದಿಂದ ಅಲೆಗಳು ಇಬ್ಬದಿಗೆ ಚಾಚಿಕೊಳ್ಳುವಂತೆ, ಇಂತಹ ಕಣದ ಹಾದಿಯಿಂದ ನಸುನೀಲಿ ಬೆಳಕು ಹೊಮ್ಮುತ್ತದೆ. ರಷ್ಯದ ಚೆರೆಂಕೋವ್ ಈ ಬೆಳಕಿನ ಸ್ವರೂಪವನ್ನು ದ್ರವಗಳಲ್ಲಿ ಕಂಡು 1934ರಲ್ಲಿ ಪ್ರಕಟಿಸಿದರು. ಫ್ರಾಂಕ್ ಮತ್ತು ತಾಮ್ 1937ರಲ್ಲಿ ಅದರ ಕಾರಣವನ್ನು ತಿಳಿಸಿದರು. ಮೂವರಿಗೂ 1958ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು.

ಸೋನೆಯಿಂದ ಹೊಮ್ಮಿದ ಬೆಳಕು ನೆಲದ ಮೇಲೆ ಸುಮಾರು 120 ಮೀಟರು ತ್ರಿಜ್ಯದ ವೃತ್ತದಲ್ಲಿ ಚೆಲ್ಲುತ್ತದೆ. ಆ ವೃತ್ತದೊಳಗೆ ಎಲ್ಲಿ ದರ್ಪಣವಿಟ್ಟರೂ ಅದು ಸಿಕ್ಕುತ್ತದೆ. ಒಂದು ಚದರ ಮೀಟರಿದ್ದ ಬಲೆ ಹೀಗೆ 45,000 ಚದರ ಮೀಟರಿನದಾಯಿತು. ವರ್ಷಕ್ಕೆ ಆರು ಎಂದಿದ್ದುದು ಗಂಟೆಗೆ ಸುಮಾರು ಮೂವತ್ತು ಎಂದಾಯಿತು. ವಾಚಕರು ಗುಣಿಸಿ ನೋಡಬಹುದು. ತೊಂದರೆಯೇನೆಂದರೆ, ಈ ಮಿಂಚು ಇರುವುದು ಒಂದು ಸೆಕೆಂಡಿನ ನೂರು ಕೋಟಿ ಭಾಗಗಳಲ್ಲಿ ಕೆಲವೇ ಭಾಗಗಳಷ್ಟು ಹೊತ್ತು. ಚಂದ್ರನಿಲ್ಲದ, ಮೋಡವಿಲ್ಲದ, ದೀಪಗಳಿಲ್ಲದ ಇರುಳು ಬೇಕು. ಇದಕ್ಕಿಂತ ದೊಡ್ಡ ತೊಂದರೆ ಇನ್ನೊಂದಿದೆ. ಪ್ರೋಟಾನುಗಳೂ ಇದೇ ಬಗೆಯ ಸೋನೆಯನ್ನೂ ಬೆಳಕನ್ನೂ ಉಂಟುಮಾಡುತ್ತವೆ. ಒಂದು ಗ್ಯಾಮಾ ಕಿರಣಕ್ಕೆ ನೂರಾರು ಪ್ರೋಟಾನುಗಳು ಬರುತ್ತವೆ. ಜಾತ್ರೆಯ ಗದ್ದಲದಲ್ಲಿ ಒಬ್ಬನ ಪಿಸುಮಾತನ್ನು ಕೇಳಬೇಕಾದ ಸ್ಥಿತಿ ಇದು.

ಈಗ ಚರಿತ್ರೆಯನ್ನು ನೋಡೋಣ. ವಾಯುಮಂಡಲದಲ್ಲಿ ಇಂತಹ ಬೆಳಕು ಇದ್ದೀತೆಂದು 1948ರಲ್ಲಿ ಬ್ಲಾಕೆಟ್ ಸೂಚಿಸಿದರು. ಇಂಗ್ಲೆಂಡಿನ ಹಾರ್ವೆಲ್ಲಿನಲ್ಲಿ ಗಾಲ್ಬ್ರೇತ್ ಮತ್ತು ಜೆಲ್ಲಿ ಎಂಬಿಬ್ಬರು ಕಸದ ತೊಟ್ಟಿಯೊಂದರ ತಳದಲ್ಲಿ 25 ಸೆಂಟಿಮೀಟರು ಅಗಲದ ದರ್ಪಣವನ್ನಿಟ್ಟು, ಅದರ ಎದುರಿಗೆ ಬೆಳಕನ್ನು ವಿದ್ಯುತ್ತಾಗಿಸುವ ನಳಿಕೆಯೊಂದನ್ನು ನಿಲ್ಲಿಸಿ, ಆ ಮಿಂಚನ್ನು ಕಂಡು 1953ರಲ್ಲಿ ಪ್ರಕಟಿಸಿದರು. ಕಂಡುದು ವಿಶ್ವಕಿರಣಗಳ ಮಿಂಚು, ಗ್ಯಾಮಾ ಕಿರಣದ್ದಲ್ಲ. ಏಡಿ ನೀಹಾರಿಕೆಯಿಂದ ಗ್ಯಾಮಾ ಕಿರಣಗಳು ಧಾರಾಳವಾಗಿ ಬರುತ್ತಿರಬೇಕೆಂದು 1959ರಲ್ಲಿ ಮಾಸ್ಕೋದ ಸಮ್ಮೇಳನದಲ್ಲಿ ಕೊಕ್ಕೋನಿ ಲೆಕ್ಕ ಹಾಕಿ ತೋರಿಸಿದರು. ಒಡನೆಯೇ ಕ್ರೈಮಿಯದಲ್ಲಿ ಚುದಕೋವ್ ಮತ್ತು ಸಂಗಡಿಗರು ಒಂದೂವರೆ ಮೀಟರು ಅಗಲದ ಹನ್ನೆರಡು ದರ್ಪಣಗಳನ್ನು ಹೂಡಿ, 1960ರಿಂದ 1963ರವರೆಗೆ ಹುಡುಕಿದರು. ಏನೂ ಸಿಕ್ಕಲಿಲ್ಲ.

ಇಲ್ಲಿ ನಿಲ್ಲೋಣ. ನಿರೀಕ್ಷಿಸಿದ ಉತ್ತರ ಬರಲಿಲ್ಲ. ಚುದಕೋವ್ ಅಂಕಿಗಳನ್ನು ತಿದ್ದಲಿಲ್ಲ. ಸಲಕರಣೆಗಳನ್ನು ಬಿಚ್ಚಿ ಸುಮ್ಮನೆ ಮನೆಗೂ ಹೋಗಲಿಲ್ಲ. “ಇದ್ದರೆ ಇಷ್ಟಕ್ಕಿಂತ ಹೆಚ್ಚಿಲ್ಲ” ಎಂದು ಮೇರೆಯೊಂದನ್ನು ಗೊತ್ತುಮಾಡಿ ಪ್ರಕಟಿಸಿದರು. ಆ ‘ಇಲ್ಲ’ ಬರಿಯ ಸೋಲಾಗಿರಲಿಲ್ಲ. ನೀಹಾರಿಕೆಯ ಎಲೆಕ್ಟ್ರಾನುಗಳು ಪ್ರೋಟಾನುಗಳ ಘರ್ಷಣೆಯಿಂದ ಹುಟ್ಟಿದವಾಗಿದ್ದರೆ ಗ್ಯಾಮಾ ಕಿರಣಗಳು ಕಾಣಲೇಬೇಕಿತ್ತು. ಕಾಣಲಿಲ್ಲವಾದುದರಿಂದ, ಎಲೆಕ್ಟ್ರಾನುಗಳೇ ಅಲ್ಲಿ ನೇರವಾಗಿ ವೇಗವನ್ನು ಪಡೆಯುತ್ತಿರಬೇಕೆಂದು ತಿಳಿಯಿತು. ‘ಇಲ್ಲ’ ಎಂಬ ಉತ್ತರವು ಒಂದು ತಪ್ಪು ದಾರಿಯನ್ನು ಮುಚ್ಚಿ ಸರಿ ದಾರಿಯನ್ನು ತೆರೆಯಿತು.

ಅಮೆರಿಕದ ಅರಿಜೋನದಲ್ಲಿ 10 ಮೀಟರು ಅಗಲದ ವಿಪ್ಪಲ್ ದರ್ಪಣವು 1968ರಲ್ಲಿ ಸಿದ್ಧವಾಯಿತು. ಏಡಿ ನೀಹಾರಿಕೆಯನ್ನು ಅದು ಸಂಶಯಕ್ಕೆಡೆಯಿಲ್ಲದಂತೆ ಕಂಡುದು 1989ರಲ್ಲಿ ಪ್ರಕಟವಾಯಿತು. ನಡುವೆ 21 ವರ್ಷಗಳು! ಈ ಅವಧಿಯಲ್ಲಿ ದರ್ಪಣವು ದೊಡ್ಡದಾಗಲಿಲ್ಲ; ಅದೇ ದರ್ಪಣ. ಬದಲಾದುದು ಗದ್ದಲದ ಬಗ್ಗೆ ಇದ್ದ ತಿಳಿವಳಿಕೆ. 1985ರಲ್ಲಿ ಇಂಗ್ಲೆಂಡಿನ ಹಿಲ್ಲಾಸ್ ಎಂಬವರು ಗ್ಯಾಮಾ ಕಿರಣದ ಸೋನೆ ಹೇಗೆ ತೋರುತ್ತದೆ, ಪ್ರೋಟಾನಿನ ಸೋನೆ ಹೇಗೆ ತೋರುತ್ತದೆ ಎಂಬುದನ್ನು ಗಣಕಯಂತ್ರದಿಂದ ಲೆಕ್ಕ ಹಾಕಿದರು. ಮೊದಲನೆಯದರ ಬಿಂಬವು ಕಿರಿದಾದ ಅಂಡಾಕೃತಿ, ಅದರ ಉದ್ದವು ಆಕರದತ್ತ ತಿರುಗಿರುತ್ತದೆ. ಎರಡನೆಯದು ಅಗಲವಾಗಿ ಅಡ್ಡಾದಿಡ್ಡಿಯಾಗಿ ಹರಡಿರುತ್ತದೆ. ವೀಕ್ಸ್ ಮತ್ತು ಸಂಗಡಿಗರು 37 ನಳಿಕೆಗಳ ಕ್ಯಾಮೆರಾದಿಂದ ಬಿಂಬಗಳನ್ನು ಹಿಡಿದು, ಆಕಾರವನ್ನು ನೋಡಿ ಪ್ರೋಟಾನುಗಳನ್ನು ಜರಡಿಹಿಡಿದರು. ಪಿಸುಮಾತು ಕೇಳಿಸಿತು. ಅಂದರೆ, ಬೇಡವಾದುದನ್ನು ಅಳಿಸಿಹಾಕಿದವರಿಗಲ್ಲ, ಬೇಡವಾದುದನ್ನು ಕೂಲಂಕಷವಾಗಿ ಅಭ್ಯಾಸ ಮಾಡಿದವರಿಗೆ ಬೇಕಾದುದು ದೊರೆಯಿತು. ಈಗ ಇಂತಹ ಆಕರಗಳು 250ಕ್ಕೂ ಹೆಚ್ಚಾಗಿ ತಿಳಿದುಬಂದಿವೆ.

ಈ ಕಥೆಗೆ ಇನ್ನೊಂದು ಮುಖವೂ ಇದೆ. 1980ರ ದಶಕದಲ್ಲಿ ಹಂಸ ರಾಶಿಯ ಎಕ್ಸ್-3 ಎಂಬ ಜೋಡಿ ನಕ್ಷತ್ರದಿಂದ ಅತ್ಯಧಿಕ ಶಕ್ತಿಯ ಕಿರಣಗಳನ್ನು ಕಂಡೆವೆಂದು ಹಲವು ತಂಡಗಳು ಸಾರಿದವು. ಒಬ್ಬರು ಕಂಡರೆಂದು ಕೇಳಿದ ಮೇಲೆ ಇನ್ನೊಬ್ಬರಿಗೂ ಕಾಣತೊಡಗಿತು. ಮುಂದೆ ಹೆಚ್ಚು ಸೂಕ್ಷ್ಮವಾದ ಉಪಕರಣಗಳಿಂದ ನೋಡಿದಾಗ, ಆಗ ಹೇಳಿದ್ದ ಪ್ರಮಾಣದಲ್ಲಿ ಅವು ಕಾಣಲಿಲ್ಲ. ಅವರಾರೂ ಮೋಸಗಾರರಲ್ಲ. ಆದರೆ ನಿರೀಕ್ಷೆಯು ಕಣ್ಣಿಗೆ ಬಣ್ಣ ಬಳಿಯುತ್ತದೆ. ಪಕ್ಕದ ಮೇಜಿನವನಿಗೆ 978 ಬಂದಿತೆಂದು ತಿಳಿದಾಗ ನಮ್ಮ ಗಡಿಯಾರದ ಮುಳ್ಳೂ ತುಸು ಅತ್ತಿತ್ತ ಸರಿದಂತೆ ತೋರುವುದಿಲ್ಲವೆ? ಅದೇ ದೌರ್ಬಲ್ಯ ಇದು.

‘ಇಲ್ಲ’ ಎಂಬುದರ ಬೆಲೆಯನ್ನು ಅರಿಯಲು ನಾವು ದೂರ ದೇಶಗಳಿಗೇ ಹೋಗಬೇಕಾಗಿಲ್ಲ. ನಮ್ಮ ಕೋಲಾರದ ಚಿನ್ನದ ಗಣಿಯಲ್ಲಿ 1960ರ ದಶಕದ ಆರಂಭದಲ್ಲಿ, ಎರಡೂವರೆ ಕಿಲೋಮೀಟರಿಗೂ ಮೀರಿದ ಆಳದಲ್ಲಿ, ವಿಶ್ವಕಿರಣಗಳನ್ನು ಎಣಿಸುವ ಉಪಕರಣವನ್ನಿಟ್ಟು ಸುಮಾರು ಎರಡು ತಿಂಗಳು ಕಾದರು. ಒಂದು ಎಣಿಕೆಯೂ ದಾಖಲಾಗಲಿಲ್ಲ. ಇಷ್ಟು ನಿಶ್ಶಬ್ದವಾದ ಸ್ಥಳದಲ್ಲಿ ನ್ಯೂಟ್ರಿನೊಗಳನ್ನೇ ಹುಡುಕಬಹುದಲ್ಲವೆ ಎಂಬ ಆಲೋಚನೆಗೆ ಆ ಸೊನ್ನೆಯೇ ಬಲ ಕೊಟ್ಟಿತು. ವಾಯುಮಂಡಲದಲ್ಲಿ ಹುಟ್ಟಿದ ನ್ಯೂಟ್ರಿನೊಗಳ ಗುರುತು 1965ರಲ್ಲಿ ಅದೇ ಗಣಿಯಲ್ಲಿ ದೊರೆಯಿತು. ಆ ತಂಡದಲ್ಲಿದ್ದ, ಮೈಸೂರು ಸೀಮೆಯವರಾದ ಬಿ. ವಿ. ಶ್ರೀಕಂಠನ್ ಅವರು ನಮ್ಮ ದೇಶದಲ್ಲಿ ಗ್ಯಾಮಾ ಕಿರಣಗಳ ಶೋಧಕ್ಕೂ ಹಿರಿಯರಾಗಿದ್ದವರು. ಉದಕಮಂಡಲದಲ್ಲಿ 1960ರ ದಶಕದ ಕೊನೆಗೆ ಸಣ್ಣ ದರ್ಪಣಗಳಿಂದ ಮೊದಲಾದ ಆ ಶೋಧವು ಪಚಮಢಿಗೆ ಸಾಗಿತು. ಇನ್ನೊಂದು ತಂಡವು ಅಬು ಪರ್ವತದಲ್ಲಿ ಬಿಂಬ ಹಿಡಿಯುವ ದೂರದರ್ಶಕವನ್ನು ಸ್ಥಾಪಿಸಿತು. ಕೊನೆಗೆ ಇದು ಲಡಾಖಿನ ಹಾನ್ಲೆಗೆ ಏರಿತು. ಅಲ್ಲಿ ಸುಮಾರು 4,300 ಮೀಟರು ಎತ್ತರದಲ್ಲಿ ಟಾಟಾ ಮೂಲಭೂತ ಸಂಶೋಧನ ಸಂಸ್ಥೆ ಮತ್ತು ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ ಕೂಡಿ ನಿಲ್ಲಿಸಿದ ಹಗಾರ್ ದೂರದರ್ಶಕಗಳು ಏಳು. ಅಲ್ಲಿಯೇ ಭಾಭಾ ಪರಮಾಣು ಸಂಶೋಧನ ಕೇಂದ್ರದವರು ರಚಿಸಿದ, 21 ಮೀಟರು ಅಗಲದ ದರ್ಪಣವೂ 1,088 ನಳಿಕೆಗಳ ಕ್ಯಾಮೆರಾವೂ ಉಳ್ಳ ಮೇಸ್ ದೂರದರ್ಶಕವು 2024ರ ಅಕ್ಟೋಬರಿನಲ್ಲಿ ಉದ್ಘಾಟನೆಗೊಂಡಿತು.

“ಸೋಲನ್ನೆಲ್ಲ ಹೀಗೆ ಹೊಗಳಿದರೆ ಸೋಮಾರಿಗಳಿಗೆ ನೆಪ ದೊರೆತಂತಾಗುವುದಿಲ್ಲವೆ?” ಎಂದು ಕೆಲವರು ಕೇಳಬಹುದು. ಪ್ರಶ್ನೆ ಯೋಗ್ಯವಾದುದೇ. ಎಲ್ಲ ‘ಇಲ್ಲ’ಗಳೂ ಸಮಾನವಲ್ಲ. ಕಣ್ಣು ಮುಚ್ಚಿಕೊಂಡವನ ‘ಕಾಣಲಿಲ್ಲ’ಕ್ಕೆ ಬೆಲೆಯಿಲ್ಲ. ಎಷ್ಟು ಹೊತ್ತು ನೋಡಿದೆ, ಯಾವ ಉಪಕರಣದಿಂದ ನೋಡಿದೆ, ಇದ್ದಿದ್ದರೆ ಎಷ್ಟಿದ್ದಾಗ ಕಾಣುತ್ತಿತ್ತು ಎಂಬುದನ್ನು ಹೇಳಬಲ್ಲವನ ‘ಇಲ್ಲ’ಕ್ಕೆ ಮಾತ್ರ ಬೆಲೆ. ಅದು ‘ಇದೆ’ ಎಂಬುದಕ್ಕಿಂತ ಕಡಿಮೆ ದುಡಿಮೆಯನ್ನೇನೂ ಬೇಡುವುದಿಲ್ಲ.

ಮತ್ತೆ ಲೋಲಕಕ್ಕೆ ಬರೋಣ. ಒಬ್ಬ ವಿದ್ಯಾರ್ಥಿಗೆ ದಾರದ ಉದ್ದ 25 ಸೆಂಟಿಮೀಟರು ಇದ್ದಾಗ 940, 50 ಇದ್ದಾಗ 959, 100 ಇದ್ದಾಗ 968 ಬಂದಿತೆಂದು ಇಟ್ಟುಕೊಳ್ಳೋಣ. ಮೂರನ್ನೂ ತಿದ್ದಿ 978 ಮಾಡಿದರೆ ಕಥೆ ಮುಗಿಯಿತು. ತಿದ್ದದೆ ನೋಡಿದರೆ ಅಂಕಿಗಳೇ ಮಾತನಾಡುತ್ತವೆ: ದಾರ ಚಿಕ್ಕದಾದಷ್ಟೂ ತಪ್ಪು ದೊಡ್ಡದು. ಹಾಗಾದರೆ ಪ್ರತಿಯೊಂದು ಉದ್ದದಲ್ಲಿಯೂ ಒಂದೇ ಅಳತೆಯ ಏನೋ ಬಿಟ್ಟುಹೋಗಿದೆ. ಅದು ಏನು? ಗುಂಡಿನ ತ್ರಿಜ್ಯ, ಒಂದು ಸೆಂಟಿಮೀಟರು! ಅದನ್ನು ಸೇರಿಸಿದರೆ ಮೂರೂ 978ಕ್ಕೆ ಬಂದು ಕೂಡುತ್ತವೆ. ತಪ್ಪಿನ ಆಕಾರವನ್ನು ನೋಡಿ ಕಾರಣವನ್ನು ಹಿಡಿದ ಈ ಹುಡುಗ ಮಾಡಿದುದಕ್ಕೂ ಹಿಲ್ಲಾಸರು ಮಾಡಿದುದಕ್ಕೂ ಜಾತಿಯಲ್ಲಿ ಭೇದವಿಲ್ಲ.

ತಪ್ಪು ವಿದ್ಯಾರ್ಥಿಗಳದಷ್ಟೇ ಅಲ್ಲ. ಉತ್ತರ ಸರಿಯಾಗಿದ್ದರೆ ಅಂಕ, ಇಲ್ಲವಾದರೆ ಕೆಂಪು ಗೆರೆ ಎಂಬ ಪರೀಕ್ಷಾ ಪದ್ಧತಿಯನ್ನು ನಡೆಸುತ್ತಿರುವವರು ನಾವು, ಹಿರಿಯರು. ಪ್ರಾಯೋಗಿಕ ಪರೀಕ್ಷೆಯಲ್ಲಿ ಕೊನೆಯ ಉತ್ತರಕ್ಕೆ ಮೀಸಲಾದ ಅಂಕಗಳಲ್ಲಿ ಅರ್ಧವನ್ನಾದರೂ ತಿದ್ದದ ಅಂಕಿಗಳಿಗೂ ತಪ್ಪಿನ ವಿವೇಚನೆಗೂ ಕೊಡಬೇಕೆಂಬುದು ನಮ್ಮ ಅಭಿಪ್ರಾಯ. ಇದಕ್ಕೆ ಹೊಸ ಉಪಕರಣ ಬೇಡ, ಹಣ ಬೇಡ. ಪರೀಕ್ಷಕರ ಮನಸ್ಸೊಂದು ಬದಲಾಗಬೇಕು. ಅದು ಬದಲಾಗುವವರೆಗೆ ವಿದ್ಯಾರ್ಥಿ ಮಿತ್ರರು ತಮ್ಮ ಪಾಲಿನದನ್ನು ಮಾಡಬಹುದು. ಮುಂದಿನ ಸಲ ಉತ್ತರ ಬಾರದಿದ್ದಾಗ ರಬ್ಬರಿಗೆ ಕೈಹಾಕುವ ಮುನ್ನ ಒಂದು ನಿಮಿಷ ತಡೆಯಿರಿ; ಬಂದುದನ್ನು ಬಂದಂತೆಯೇ ಬರೆಯಿರಿ; ಕೆಳಗೆ ‘ಏಕೆ?’ ಎಂದೊಂದು ಮಾತು ಸೇರಿಸಿರಿ. ಹಾನ್ಲೆಯ ಕೊರೆಯುವ ಇರುಳಿನಲ್ಲಿ ಆ ದೊಡ್ಡ ದರ್ಪಣದ ಪಕ್ಕದಲ್ಲಿ ನಾಳೆ ನಿಲ್ಲಬೇಕಾದವರು ನಿಮ್ಮಲ್ಲಿಯೇ ಕೆಲವರು. ಅಲ್ಲಿ ಆಕಾಶವು ‘ಇಲ್ಲ’ ಎಂದರೆ, ‘ಇಲ್ಲ’ ಎಂದೇ ಬರೆಯಬಲ್ಲ ಕೈ ಬೇಕು.