ಎಂಆರ್‌ಐ ಎಂದರೆ ಹೆದರಿಕೆ ಏಕೆ?

‘ಎಂಆರ್‌ಐ ಮಾಡಿಸಿ’ ಎಂದು ಡಾಕ್ಟರು ಚೀಟಿ ಬರೆದುಕೊಟ್ಟರೆ ಸಾಕು, ಮನೆಮಂದಿಯ ಮುಖವೆಲ್ಲ ಸಪ್ಪಗಾಗುತ್ತದೆ. ‘ಗುಹೆಯೊಳಗೆ ತೂರಿಸುತ್ತಾರಂತೆ’, ‘ಕರೆಂಟು ಹೊಡೆಯುತ್ತದಂತೆ’ ಎಂಬ ಅಂತೆಕಂತೆಗಳು ಕಾಯಿಲೆಗಿಂತ ಹೆಚ್ಚು ಹೆದರಿಸುತ್ತವೆ. ಸೊಂಟನೋವಿನಿಂದಾಗಿ ನಾನೂ ಆ ಗುಹೆಗೆ ಹೋಗಿ ಬಂದವನು. ಈ ವಾರ ಅದರ ಲೆಕ್ಕ ಒಪ್ಪಿಸುತ್ತೇನೆ. ಮೊಮ್ಮಕ್ಕಳೇ, ಇದನ್ನು ಅಜ್ಜ ಅಜ್ಜಿಗೆ ಗಟ್ಟಿಯಾಗಿ ಓದಿ ಹೇಳಿ.

ಮೊದಲು ಯಂತ್ರದ ವಿಷಯ. ಅದೊಂದು ಭಾರಿ ಅಯಸ್ಕಾಂತ, ನಡುವೆ ಎರಡೂ ಕಡೆ ಬಾಯಿ ತೆರೆದ ಸುರಂಗ. ನಮ್ಮ ದೇಹದಲ್ಲಿ ಅರ್ಧಕ್ಕಿಂತ ಹೆಚ್ಚು ನೀರೇ ಇದೆಯಲ್ಲ, ಆ ನೀರಿನ ಹೈಡ್ರೋಜನ್ ಕಣಗಳು ಅಯಸ್ಕಾಂತದ ಪ್ರಭಾವಕ್ಕೆ ಸಾಲು ಹಿಡಿಯುತ್ತವೆ, ಬೆಳಗಿನ ಪ್ರಾರ್ಥನೆಗೆ ನಿಂತ ಶಾಲಾ ಮಕ್ಕಳ ಹಾಗೆ. ರೇಡಿಯೋ ಅಲೆ ಬಿಟ್ಟಾಗ ಸಾಲು ಕದಲುತ್ತದೆ. ಅಲೆ ನಿಂತೊಡನೆ ಕಣಗಳು ತಮ್ಮ ಜಾಗಕ್ಕೆ ಮರಳುತ್ತ ಸಣ್ಣ ಸಂಕೇತ ಕೊಡುತ್ತವೆ. ಕಂಪ್ಯೂಟರು ಅದನ್ನು ಹಿಡಿದು ಚಿತ್ರ ಮಾಡುತ್ತದೆ. ಎಕ್ಸ್‌ರೇ ಕಿರಣಗಳು ಇದರಲ್ಲಿಲ್ಲ. 1977ರಲ್ಲಿ ಮೊದಲ ಬಾರಿಗೆ ಮನುಷ್ಯನ ಎದೆಯ ಚಿತ್ರ ತೆಗೆಯಲು ಸುಮಾರು 5 ಗಂಟೆ ಹಿಡಿದಿತ್ತು. ಈಗ ಸಾಮಾನ್ಯವಾಗಿ 20ರಿಂದ 60 ನಿಮಿಷ ಸಾಕು. ಈ ವಿದ್ಯೆಯನ್ನು ಬೆಳೆಸಿದ ಪಾಲ್ ಲಾಟರ್‌ಬರ್ ಮತ್ತು ಪೀಟರ್ ಮ್ಯಾನ್ಸ್‌ಫೀಲ್ಡ್ ಅವರಿಗೆ 2003ರಲ್ಲಿ ನೊಬೆಲ್ ಬಹುಮಾನ ಬಂತು.

ಒಳಗೆ ಹೋಗುವ ಮುಂಚೆ ಒಂದು ಫಾರಂ ಕೊಡುತ್ತಾರೆ. ಬ್ಯಾಂಕಿನಲ್ಲಿ ‘ಎಲ್ಲಿ ಸಹಿ ಹಾಕಬೇಕು ಹೇಳಿ ಸಾಕು’ ಎನ್ನುವ ಗ್ರಾಹಕರನ್ನು ನಾನು ಬಹಳ ನೋಡಿದ್ದೇನೆ. ಇಲ್ಲಿ ಹಾಗೆ ಮಾಡಬಾರದು. ಎದೆಯಲ್ಲಿ ಪೇಸ್‌ಮೇಕರ್, ಮಿದುಳಿನ ರಕ್ತನಾಳಕ್ಕೆ ಹಾಕಿದ ಕ್ಲಿಪ್, ಕಿವಿಯೊಳಗೆ ಕೂರಿಸಿದ ಯಂತ್ರ, ಮೂಳೆಗೆ ಹಾಕಿದ ರಾಡು, ಕಣ್ಣಿಗೆ ಎಂದೋ ಸಿಡಿದ ಕಬ್ಬಿಣದ ಚೂರು, ಏನಿದ್ದರೂ ಹೇಳಲೇಬೇಕು. ಇವುಗಳಲ್ಲಿ ಕೆಲವು ಇದ್ದರೂ ಸ್ಕ್ಯಾನ್ ಮಾಡಬಹುದು, ಕೆಲವು ಇದ್ದರೆ ಜೀವಕ್ಕೇ ಅಪಾಯ. ಅದನ್ನು ತೀರ್ಮಾನಿಸುವವರು ಅವರು, ಮುಚ್ಚಿಡದೆ ಹೇಳಬೇಕಾದವರು ನಾವು. ಗರ್ಭಿಣಿಯರೂ ಮೊದಲೇ ತಿಳಿಸಬೇಕು.

ಸಾಮಾನ್ಯವಾಗಿ ಬಳಸುವ 1.5 ಟೆಸ್ಲಾ ಯಂತ್ರದ ಶಕ್ತಿ ಭೂಮಿಯ ಅಯಸ್ಕಾಂತ ಶಕ್ತಿಯ ಸುಮಾರು 30,000 ಪಟ್ಟು. ಸ್ಕ್ಯಾನ್ ನಡೆಯದಿದ್ದಾಗಲೂ, ರಾತ್ರಿಯಲ್ಲೂ ಆ ಸೆಳೆತ ಇದ್ದೇ ಇರುತ್ತದೆ. 2018ರ ಜನವರಿಯಲ್ಲಿ ಮುಂಬೈಯ ಆಸ್ಪತ್ರೆಯೊಂದರಲ್ಲಿ, ನೆಂಟರ ಜೊತೆ ಬಂದಿದ್ದ ಯುವಕನೊಬ್ಬ ಆಕ್ಸಿಜನ್ ಸಿಲಿಂಡರ್ ಹಿಡಿದು ಒಳಗೆ ಹೋದ. ಅಯಸ್ಕಾಂತ ಸಿಲಿಂಡರನ್ನು ಸೆಳೆದುಕೊಂಡಿತು, ಅವನ ಪ್ರಾಣ ಹೋಯಿತು. ಆದ್ದರಿಂದ ರೋಗಿ ಮಾತ್ರವಲ್ಲ, ಜೊತೆಗೆ ಹೋಗುವವರೂ ಲೋಹದ ಸಾಮಾನೆಲ್ಲ ಹೊರಗಿಡಬೇಕು: ಮೊಬೈಲು, ಕೈಗಡಿಯಾರ, ಬೆಲ್ಟು, ಬಳೆ, ಕಾಲುಂಗುರ, ಸೇಫ್ಟಿ ಪಿನ್ನು, ಹೇರ್‌ಪಿನ್ನು, ಕಿವಿಯ ಮಿಷನ್ನು, ತೆಗೆಯಬಹುದಾದ ಹಲ್ಲುಸೆಟ್ಟು. ಎಟಿಎಂ ಕಾರ್ಡನ್ನೂ ಇಡಿ, ಅದರ ಕಪ್ಪು ಪಟ್ಟಿಯಲ್ಲಿರುವ ಮಾಹಿತಿ ಅಳಿಸಿಹೋಗಬಹುದು. ಅಜ್ಜಿಯಂದಿರು ತಾಳಿ ತೆಗೆಯಲು ಹಿಂಜರಿಯುತ್ತಾರೆ. ಅರಿಶಿನದ ಕೊಂಬು ಕಟ್ಟಿದ ದಾರವನ್ನು ಮನೆಯಿಂದಲೇ ಹಾಕಿಕೊಂಡು ಬಂದರೆ ಮನಸ್ಸಿಗೂ ಸಮಾಧಾನ.

ಮಂಚದಂಥ ಹಲಗೆಯ ಮೇಲೆ ಮಲಗಿಸಿ, ಕಿವಿಗೆ ಹತ್ತಿಯನ್ನೋ ಹೆಡ್‌ಫೋನನ್ನೋ ಇಟ್ಟು ಒಳಗೆ ಕಳಿಸುತ್ತಾರೆ. ಆಮೇಲೆ ಶುರುವಾಗುತ್ತದೆ ಸದ್ದು: ಟಕ ಟಕ, ಢಬ ಢಬ, ಗರ್ ಗರ್! ಒಳಗಿನ ತಂತಿ ಸುರುಳಿಗಳಲ್ಲಿ ವಿದ್ಯುತ್ತು ಬೇಗ ಬೇಗ ಬದಲಾಗುವಾಗ ಅವು ಅದುರುವ ಶಬ್ದ ಅದು. ಯಂತ್ರ ಕೆಟ್ಟಿದೆ ಎಂದು ಗಾಬರಿಯಾಗಬೇಡಿ. ಮೈ ಸ್ವಲ್ಪ ಬೆಚ್ಚಗಾಗಬಹುದು, ನೋವೇನೂ ಇರುವುದಿಲ್ಲ. ಎಲ್ಲಾದರೂ ಸುಡುವಂತಾದರೆ ಕೂಡಲೇ ತಿಳಿಸಿ. ಕೈಗೆ ಹಳೇ ಆಟೋದ ಹಾರ್ನಿನಂಥ ರಬ್ಬರ್ ಬುರುಡೆ ಕೊಟ್ಟಿರುತ್ತಾರೆ. ತಡೆಯಲಾಗದಿದ್ದರೆ ಅದನ್ನು ಅದುಮಿ, ಬಂದು ಮಾತಾಡಿಸುತ್ತಾರೆ.

ನಮ್ಮ ಕೆಲಸ ಒಂದೇ: ಅಲುಗಾಡದೆ ಮಲಗುವುದು. ಅಲುಗಿದರೆ ಚಿತ್ರ ಮಸುಕಾಗಿ ಮತ್ತೆ ತೆಗೆಯಬೇಕಾಗುತ್ತದೆ. ಒಳಗೆ ಹೋಗುವ ಮೊದಲೇ ಕಣ್ಣು ಮುಚ್ಚಿಕೊಳ್ಳುವುದು ಒಳ್ಳೆಯದು. ನಾನು 13ರಿಂದ 19ರವರೆಗಿನ ಮಗ್ಗಿಯನ್ನು ಮನಸ್ಸಿನಲ್ಲೇ ಹೇಳಿಕೊಂಡೆ. ನೀವು ದೇವರ ನಾಮವನ್ನೋ ಹಳೆಯ ಹಾಡನ್ನೋ ನೆನೆಯಬಹುದು.

ಕೆಲವರಿಗೆ ಚಿತ್ರ ಸ್ಪಷ್ಟವಾಗಲೆಂದು ರಕ್ತನಾಳಕ್ಕೆ ಔಷಧಿ ಕೊಡುತ್ತಾರೆ. ಮೂತ್ರಪಿಂಡದ ತೊಂದರೆ, ಔಷಧಿಯ ಅಲರ್ಜಿ ಇದ್ದರೆ ಮುಂಚೆಯೇ ಹೇಳಿ. ಚಿಕ್ಕ ಮಕ್ಕಳನ್ನು ಔಷಧಿ ಕೊಟ್ಟು ಮಲಗಿಸುವುದುಂಟು. ಎಷ್ಟು ಹೊತ್ತು ಉಪವಾಸ ಇರಬೇಕೆಂದು ಅವರೇ ತಿಳಿಸುತ್ತಾರೆ. ಮುಗಿದ ಮೇಲೆ, ನಿದ್ದೆಯ ಔಷಧಿ ಕೊಡದಿದ್ದರೆ, ಎದ್ದು ಕಾಫಿ ಕುಡಿದು ಮನೆಗೆ ಬರಬಹುದು. ಯಂತ್ರದ ಹತ್ತಿರ ಇರುವವರನ್ನು ‘ಏನಾಗಿದೆ?’ ಎಂದು ಪೀಡಿಸಬೇಡಿ. ಚಿತ್ರ ಓದುವ ತಜ್ಞರು ಬೇರೆ, ಅದಕ್ಕೆ ಸಮಯ ಬೇಕು.

ಮೊಮ್ಮಕ್ಕಳೇ, ನಿಮಗೊಂದು ಕೆಲಸ. ಈ ಭಾನುವಾರ ಅಜ್ಜ ಅಜ್ಜಿಯ ಪಕ್ಕದಲ್ಲಿ ಕುಳಿತು, ಅವರಿಗೆ ಆಗಿರುವ ಆಪರೇಷನ್‌ಗಳು, ಮೈಯೊಳಗೆ ಹಾಕಿರುವ ಸಾಮಾನು, ಆಗದ ಔಷಧಿ ಎಲ್ಲವನ್ನೂ ಒಂದು ಹಾಳೆಯಲ್ಲಿ ದುಂಡಗೆ ಬರೆದು ಆಸ್ಪತ್ರೆ ಫೈಲಿನಲ್ಲಿಡಿ. ಬರೆಯುವಾಗ ಅವರ ಹಳೆಯ ಕಥೆಗಳೂ ಹೊರಬರುತ್ತವೆ. ಅವನ್ನೂ ಕೇಳಿಸಿಕೊಳ್ಳಿ.